ಇನ್ನೂರ ಹನ್ನೊಂದರಿಂದ ಭಾಗ

ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆ ಪ್ರಶ್ನೆಪತ್ರಿಕೆ ತೆಗೆದವರು ಹಾಲಿಗೆ ಹೋಗಿ, ಯಾರಿಗಾದರೂ ಏನಾದರೂ ಅನುಮಾನವಿದೆಯೇ ಎಂದು ಕೇಳಬೇಕೆನ್ನುವುದು ಆ ಕಾಲೇಜಿನ ಕ್ರಮ. ಗಣಿತದ ಮೇಡಂ ಪ್ರತಿವರ್ಷ ಹಾಗೆ ಹೋಗಿ ಕೇಳುತ್ತಿದ್ದರು, ಪ್ರತಿವರ್ಷವೂ ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಕೇಳುವ ಧ್ವನಿಯೇ ಹಾಗಿತ್ತು; ಊಟ ಮುಗಿಸಿ ಕೈ ತೊಳೆದವರು ಎಲೆಯ ಮುಂದೆ ಇನ್ನೂ ಕೂತವರನ್ನು 'ಮತ್ತೇನಾದರೂ ಬೇಕಾ' ಎಂದು ಕೇಳುವ ಹಾಗೆ. ಇವತ್ತು ಮೆಟ್ಟಿಲು ಹತ್ತುವಾಗ ಮಾತ್ರ ಅವರ ಮನಸ್ಸು ಹಾಲಿನಲ್ಲಿರಲಿಲ್ಲ. ಬೆಳಿಗ್ಗೆ ಮಗಳು ಫೋನ್ ಮಾಡಿದ್ದಳು. ಹೊಸ ಮನೆ ನೋಡಿದ್ದೇವೆ, ಮೇಲಿನ ಮಹಡಿ, ಒಳ್ಳೆ ಗಾಳಿ ಬೆಳಕು ಎಂದಳು. ಮೇಲಿನ ಮಹಡಿ ಬೇಡ, ಬೇಸಿಗೆಯಲ್ಲಿ ಬೆಂದುಹೋಗ್ತೀರ ಎಂದರು ಮೇಡಂ. 'ಸರಿ ಅಮ್ಮ' ಎಂದಳು ಮಗಳು. ಅಷ್ಟೇ ಮಾತು. ಫೋನ್ ಇಟ್ಟು, ಬಾಚಣಿಗೆ ಹಿಡಿದು ಕನ್ನಡಿಯ ಮುಂದೆ ನಿಂತಾಗ ಅವರಿಗೆ ಥಟ್ಟನೆ ಹೊಳೆಯಿತು: ಮಗಳು ಅವರ ಮಾತಿಗೆ ಎದುರಾಡಿ ಎಷ್ಟೋ ವರ್ಷಗಳಾಗಿದ್ದವು. ಮೊದಲೆಲ್ಲ ಇದನ್ನು ಅವರು ತಾವು ಮಗಳನ್ನು ಬೆಳೆಸಿದ ರೀತಿಯ ಫಲವೆಂದುಕೊಂಡಿದ್ದರು. ಇವತ್ತು ಯಾಕೋ ಆ 'ಸರಿ' ಒಳಗಿನಿಂದ ಚಿಲಕ ಹಾಕಿದ ಸದ್ದಿನಂತೆ ಕೇಳಿತ್ತು. ಆ ಮನೆಯನ್ನು ಆಗಲೇ ಹಿಡಿದಾಗಿದೆ, ಮುಂಗಡವನ್ನೂ ಕೊಟ್ಟಾಗಿದೆ, ನನಗೆ ಹೇಳುವುದು ಬರೀ ಶಿಷ್ಟಾಚಾರ ಎಂದು ಗೊತ್ತಾಗಿ, ಅರ್ಧ ಬಾಚಿದ ಕೂದಲನ್ನು ಹಾಗೇ ಗಂಟು ಹಾಕಿಕೊಂಡು ಹೊರಟುಬಂದಿದ್ದರು.

ಹಾಲಿನಲ್ಲಿ ಫ್ಯಾನುಗಳ ಸದ್ದು, ಕಾಗದ ಮಗುಚುವ ಸದ್ದು. ರಸಾಯನಶಾಸ್ತ್ರದ ಹೊಸ ಮೇಷ್ಟ್ರು ಮೇಲ್ವಿಚಾರಣೆಗೆ ನಿಂತಿದ್ದವನು ಮೇಡಂ ಕಂಡೊಡನೆ ಕಿಟಕಿಗೊರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದ. 'ಯಾರಿಗಾದರೂ ಅನುಮಾನ?' ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ತಿರುಗುವಷ್ಟರಲ್ಲಿ ಮೂರನೆಯ ಸಾಲಿನಲ್ಲಿ ಒಂದು ಹುಡುಗಿ ಎದ್ದು ನಿಂತಳು. ತರಗತಿಯಲ್ಲಿ ಎಲ್ಲರೂ ಅವಳನ್ನು 'ಆದ್ರೆ' ಎಂದೇ ಕರೆಯುತ್ತಿದ್ದರು. ಯಾವ ಪಾಠಕ್ಕೂ 'ಆದ್ರೆ ಮೇಡಂ' ಎಂದೇ ಬಾಯಿ ತೆರೆಯುವವಳು; 'ಬಂತು ನೋಡಿ ನಮ್ಮ ಆದ್ರೆ' ಎಂದು ಮೇಡಂ ಒಮ್ಮೆ ನಗಿಸಿದ ದಿನದಿಂದ ಆ ಹೆಸರು ಅಂಟಿಕೊಂಡಿತ್ತು.

'ಮೇಡಂ, ಆರನೇ ಪ್ರಶ್ನೆ.'

'ಏನಾಗಿದೆ ಅದಕ್ಕೆ?'

'ಕೊಟ್ಟಿರೋ ಸಂಖ್ಯೆ ಅವಿಭಾಜ್ಯ ಅಂತ ಇದೆ. ಆದ್ರೆ ಮೇಡಂ...'

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹುಡುಗಿ ಅದನ್ನು ಕೇಳಿಸಿಕೊಳ್ಳದವಳಂತೆ, 'ಇನ್ನೂರ ಹನ್ನೊಂದರಿಂದ...' ಎಂದು ಮುಂದುವರಿಸಹೊರಟಳು.

'ಪ್ರಶ್ನೆಪತ್ರಿಕೆ ತೆಗೆದಿದ್ದು ನಾನೋ ನೀನೋ?' ಎಂದರು ಮೇಡಂ. ಹಾಲಿಗೆ ಹಾಲೇ ನಕ್ಕಿತು. ಪರೀಕ್ಷೆಯ ಬಿಗುವಿನಲ್ಲಿದ್ದವರಿಗೆ ನಗಲು ಒಂದು ನೆಪ ಬೇಕಿತ್ತು. ಹೊಸ ಮೇಷ್ಟ್ರು ಕೂಡ ನಕ್ಕ. 'ಕೊಟ್ಟಿದ್ದನ್ನ ನಂಬಿ ಬರಿ. ಪ್ರತಿಯೊಂದಕ್ಕೂ ತಕರಾರು ತೆಗೀತಾ ಕೂತರೆ ಮೂರು ಗಂಟೆಯಲ್ಲ, ಮೂರು ಜನ್ಮ ಸಾಲಲ್ಲ. ಕೂತ್ಕೋ.'

'ಸರಿ ಮೇಡಂ' ಎಂದು ಹುಡುಗಿ ಕೂತಳು.

ಆ ಎರಡು ಪದಗಳಿಗೆ ಮೇಡಂ ಬಾಗಿಲಲ್ಲೇ ಒಂದು ಕ್ಷಣ ತಡೆದು ನಿಂತರು. ಬೆಳಿಗ್ಗೆ ಕೇಳಿದ್ದ ಅದೇ ಸದ್ದು, ಅದೇ ಚಿಲಕ. ನಂತರ ಕಾರಿಡಾರಿನಲ್ಲಿ ನಡೆಯುತ್ತ, ಹಾಗೆ ಅನ್ನಬಾರದಿತ್ತೇನೋ, ಆದರೆ ಅವಳೂ ಸುಮ್ಮನಿರುವವಳಲ್ಲ, ಒಬ್ಬಳಿಗೆ ಸಲಿಗೆ ಕೊಟ್ಟರೆ ಉಳಿದವರೂ ಶುರುಮಾಡುತ್ತಾರೆ, ಎಂದು ತಮ್ಮೊಳಗೇ ವಾದ ಹೂಡಿಕೊಂಡು, ವಾದದಲ್ಲಿ ಗೆದ್ದು, ಸ್ಟಾಫ್ ರೂಮಿಗೆ ಬಂದು ಕೂತರು. ಯಾರೂ ಇರಲಿಲ್ಲ. ಮೇಜಿನ ಮೇಲೆ ಯಾರದೋ ಅರ್ಧ ಕುಡಿದ ಟೀ ಕೆನೆಗಟ್ಟಿತ್ತು. ಇನ್ನೂರ ಹನ್ನೊಂದಂತೆ. ಎಲ್ಲಿಂದ ಹಿಡಿದಳೋ. ಮೇಡಂಗೆ ನಗು ಬಂತು. ಆ ನಗುವಿಗಾಗಿಯೇ ಅವರು ಡ್ರಾಯರಿನಿಂದ ಕ್ಯಾಲ್ಕ್ಯುಲೇಟರ್ ತೆಗೆದರು. ಐದು ಕೋಟಿ ಅರವತ್ತು ಲಕ್ಷದ ಐವತ್ತೆರಡು ಸಾವಿರದ ಮುನ್ನೂರ ಅರವತ್ತೊಂದು, 5,60,52,361, ಎಂಟು ಅಂಕಿ ಪರದೆಯನ್ನು ಅಂಚಿನಿಂದ ಅಂಚಿಗೆ ತುಂಬಿದವು. ಭಾಗಿಸು, ಇನ್ನೂರ ಹನ್ನೊಂದು. ಬಿಂದುವಿನ ನಂತರ ಉದ್ದದ ಬಾಲವೊಂದು ಬರುತ್ತದೆ, ಅದನ್ನು ನೋಡಿ ನಕ್ಕು, ಡ್ರಾಯರ್ ಮುಚ್ಚಿದರಾಯಿತು.

ಬಾಲ ಬರಲಿಲ್ಲ. 2,65,651. ಅದರಾಚೆ ಏನೂ ಇಲ್ಲ, ಖಾಲಿ.

ಒತ್ತುವಾಗ ತಪ್ಪಾಗಿರಬೇಕೆಂದು ಮತ್ತೆ ಒತ್ತಿದರು. ತಿರುಗಾಮುರುಗಾ ಗುಣಿಸಿದರು. ಕೊನೆಗೆ ಪೆನ್ನು ಹಿಡಿದು, ಶಾಲೆಯ ಮಗುವಿನಂತೆ ಒಂದರ ಕೆಳಗೊಂದು ಅಂಕಿ ಬರೆದು ಭಾಗಿಸಿದರು. ಕೊನೆಯ ಸಾಲಿನಲ್ಲಿ ಇನ್ನೂರ ಹನ್ನೊಂದರಿಂದ ಇನ್ನೂರ ಹನ್ನೊಂದು ಕಳೆದು, ಶೂನ್ಯ ಬರೆದರು. 2,65,651 ಕೂಡ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದು 421 ಮತ್ತು 631 ಆಗಿ ಒಡೆದುಕೊಂಡಿತು. ಮೂರು ತುಂಡು. ಆರನೆಯ ಪ್ರಶ್ನೆ ಅವರ ಕಣ್ಣ ಮುಂದೆ ತಾನೇ ತೆರೆದುಕೊಂಡಿತು. 'ಈ ಸಂಖ್ಯೆ ಅವಿಭಾಜ್ಯವೆಂದು ಕೊಡಲಾಗಿದೆ. ಹಾಗಾದರೆ ಅದಕ್ಕೆ ಎಷ್ಟು ಭಾಜಕಗಳು? ಭಾಜಕಗಳ ಮೊತ್ತವೆಷ್ಟು? ಅದು ನ್ಯೂನವೋ, ಪರಿಪೂರ್ಣವೋ, ಅಧಿಕವೋ, ಯಾವ ವರ್ಗಕ್ಕೆ ಸೇರುತ್ತದೆ? ಅದಕ್ಕಿಂತ ಚಿಕ್ಕದಾಗಿದ್ದು ಅದರೊಡನೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳೆಷ್ಟು?' ಎರಡು ಭಾಜಕಗಳೆಂದು ಎಲ್ಲರೂ ಬರೆಯುತ್ತಾರೆ, ಒಂದು ಮತ್ತು ಅದೇ. ಇರುವುದು ಎಂಟು. ಕೊನೆಯ ಉತ್ತರದಲ್ಲಿ ಲಕ್ಷಗಟ್ಟಲೆ ವ್ಯತ್ಯಾಸ. ಇಡೀ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕದ ಪ್ರಶ್ನೆ ಅದು, ಬಿಡುವ ಹಾಗಿಲ್ಲವೆಂದು ತಾವೇ ದಪ್ಪಕ್ಷರದಲ್ಲಿ ಹಾಕಿಸಿದ್ದು.

ಈ ಸಂಖ್ಯೆಯನ್ನು ಅವರು ಆರಿಸಿದ್ದು ಒಂದು ಸಂಜೆ, ಗಂಡ ಪಕ್ಕದ ಕೋಣೆಯಲ್ಲಿ ಟೀವಿ ಜೋರು ಹಾಕಿಕೊಂಡಿದ್ದಾಗ. ನೋಡಲು ಅದು ಅಷ್ಟು ಅಚ್ಚುಕಟ್ಟಾಗಿತ್ತು. ಎರಡರಿಂದ ಭಾಗಿಸಿದರೆ ಒಂದು ಉಳಿಯುತ್ತದೆ, ಮೂರರಿಂದ ಭಾಗಿಸಿದರೆ ಒಂದು, ಐದರಿಂದ, ಏಳರಿಂದ, ಹದಿಮೂರರಿಂದಲೂ ಒಂದೇ. ಯಾರ ಕೈಗೂ ಸಿಕ್ಕದೆ ಒಂದು ಹೆಜ್ಜೆ ಮುಂದೆ ನಿಂತ ಹಾಗೆ. ಅವರಿಗೆ ಅದರ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿತ್ತು. ಕಂಪ್ಯೂಟರಿನಲ್ಲಿ ಘಾತಗಳ ಪರೀಕ್ಷೆ ಮಾಡಿದರು: ಎರಡನ್ನು, ಆಮೇಲೆ ಮೂರನ್ನು, ಆಮೇಲೆ ಐದನ್ನು, ಆ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೇರಿಸಿ ಆ ಸಂಖ್ಯೆಯಿಂದಲೇ ಭಾಗಿಸಿದರೆ ಪ್ರತಿಸಲವೂ ಉಳಿದದ್ದು ಒಂದು. ನಿಜವಾದ ಅವಿಭಾಜ್ಯ ಹಾಗೆಯೇ ನಡೆದುಕೊಳ್ಳುತ್ತದೆ. ಸಾಕು ಎಂದು ಮುಚ್ಚಿಟ್ಟರು. ಆದರೆ ಆ ಪರೀಕ್ಷೆಯನ್ನೆಲ್ಲ ದಾಟಿಬಂದೂ ಒಳಗೊಳಗೆ ಒಡೆದಿರುವ ಹುಸಿ ಅವಿಭಾಜ್ಯಗಳಿವೆ ಎಂಬುದು ಅವರಿಗೆ ಗೊತ್ತಿರದ ವಿಷಯವೇ? ಅವರೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಮಾಡಿದ್ದರು. ಆ ದಿನವೂ ಇವಳೇ ಎದ್ದು ನಿಂತಿದ್ದಳು. 'ಆದ್ರೆ ಮೇಡಂ, ಹಾಗಾದ್ರೆ ಪಾಸಾದ ಸಂಖ್ಯೆನ ಯಾವ ಧೈರ್ಯದ ಮೇಲೆ ನಂಬೋದು?' ಚಾಕ್‌ಪೀಸಿನ ಪುಡಿ ಕೊಡವಿಕೊಳ್ಳುತ್ತ ಮೇಡಂ ಹೇಳಿದ್ದರು: 'ಅಂಥವು ತೀರಾ ಅಪರೂಪ. ದಾರೀಲಿ ಹೋಗ್ತಿರೋವಾಗ ನಿನ್ನ ತಲೆ ಮೇಲೆ ಬೀಳೋಲ್ಲ, ಹೆದರ್ಬೇಡ.' ಆಗಲೂ ನಕ್ಕಿದ್ದರು, ಎಲ್ಲರೂ. ಈಗ ಬಿದ್ದಿತ್ತು, ಹುಡುಗಿಯ ತಲೆಯ ಮೇಲೆಯೇ ಬಿದ್ದಿತ್ತು, ಹಾಕಿದವರು ತಾವು.

ಎದ್ದು ಹಾಲಿಗೆ ಓಡಬೇಕಿತ್ತು. ಕಾಲು ಪ್ರಿನ್ಸಿಪಾಲರ ಕೋಣೆಯ ಕಡೆಗೆ ಹೋಯಿತು. ನಿಯಮದ ಪ್ರಕಾರ ಅವರಿಗೆ ಮೊದಲು ತಿಳಿಸಬೇಕು ಎಂದುಕೊಂಡರು; ಹಾಲಿಗೆ ಹೋಗುವುದು ಅಷ್ಟು ಹೊತ್ತು ತಪ್ಪುತ್ತದೆಂಬುದೂ ಅವರಿಗೆ ಗೊತ್ತಿತ್ತು. ಪ್ರಿನ್ಸಿಪಾಲ್ ಅವರಿಗಿಂತ ಎಂಟು ವರ್ಷ ಚಿಕ್ಕವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೀಟಿಂಗುಗಳಲ್ಲಿ ಅವನು ಏನಾದರೂ ಹೇಳಿದರೆ ಅದನ್ನು ತಿದ್ದಿ ಇನ್ನೊಮ್ಮೆ ಹೇಳುತ್ತಿದ್ದವರು ಮೇಡಂ. ಅದನ್ನು ಅವನು ಮರೆತಿರಲಾರ. ಅವನ ಮುಖದ ಮೇಲೆ ಒಂದು ಸಣ್ಣ ಸಂತೋಷ ಕಾಣಬಹುದೆಂದು ಅವರು ಸಿದ್ಧರಾಗಿಯೇ ಒಳಗೆ ಹೋದರು. ಕಾಣಲಿಲ್ಲ. ಅವನು ಎದ್ದು, ಬಾಗಿಲು ಮುಂದೆ ಮಾಡಿ, ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟ. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು. ಆರನೆಯ ಪ್ರಶ್ನೆಯ ತಪ್ಪನ್ನು ಹೇಳಿದರು.

'ಮೇಡಂ, ಇಷ್ಟಕ್ಕೆಲ್ಲ ಹೀಗೆ ಬೆವೀತೀರಾ? ಮೊದಲು ನೀರು ಕುಡೀರಿ. ಈ ವಿಷಯ ಯಾರಿಗೆ ಗೊತ್ತು?'

'ನನಗೆ. ಈಗ ನಿಮಗೆ.'

'ಮುಗೀತಲ್ಲ. ಎಲ್ಲರಿಗೂ ಆರನೇ ಪ್ರಶ್ನೆಗೆ ಪೂರ್ತಿ ಅಂಕ ಹಾಕಿಬಿಡಿ. ಯಾರಿಗೆ ನಷ್ಟ?'

'ಉತ್ತರ ತಪ್ಪಾಗಿರುತ್ತೆ.'

'ಎಲ್ಲಾ ತಪ್ಪಾ? ನೀವೇ ಹೇಳಿ, ಈ ಸಂಖ್ಯೆ ಯಾವ ವರ್ಗಕ್ಕೆ ಬರುತ್ತೆ?'

'ನ್ಯೂನ. ಅದರ ಸ್ವಂತ ಭಾಜಕಗಳನ್ನೆಲ್ಲ ಕೂಡಿಸಿದರೂ ಅದಕ್ಕಿಂತ ಕಮ್ಮಿನೇ.'

'ಅವಿಭಾಜ್ಯ ಆಗಿದ್ದಿದ್ರೆ?'

ಮೇಡಂ ಲೋಟ ಕೆಳಗಿಟ್ಟರು. 'ಆಗಲೂ ನ್ಯೂನವೇ.'

'ನೋಡಿ ಮತ್ತೆ! ಒಂದು ಉತ್ತರ ಹೇಗೂ ಸರಿಯಾಗಿದೆ. ಸುಮ್ನೆ ಹಾಲಿಗೆ ಹೋಗಿ ಗಲಾಟೆ ಎಬ್ಬಿಸಿದ್ರೆ ನಾಳೆ ಪೇರೆಂಟ್ಸ್ ಬರ್ತಾರೆ, ಮರುಪರೀಕ್ಷೆ ಅಂತಾರೆ. ನಿಮ್ಮ ಇಷ್ಟು ವರ್ಷದ ಹೆಸರು ಒಂದು ದಿನಕ್ಕೆ ಮಣ್ಣುಪಾಲಾಗೋದು ನನಗೆ ಇಷ್ಟ ಇಲ್ಲ. ನಿಜವಾಗಿ ಹೇಳ್ತೀನಿ.'

ನಿಜವಾಗಿಯೇ ಹೇಳುತ್ತಿದ್ದ. ಅವನು ಒಳ್ಳೆಯವನೆಂದು ಮೇಡಂಗೆ ಈಗ ಗೊತ್ತಾಗುತ್ತಿತ್ತು, ಗೊತ್ತಾಗುವುದಕ್ಕೆ ಇದಕ್ಕಿಂತ ಕೆಟ್ಟ ಗಳಿಗೆ ಬೇರೆ ಇರಲಿಲ್ಲ. ತಪ್ಪು ದಾರಿಯಲ್ಲಿ ಹೋದರೂ ಸರಿಯಾದ ಮನೆಯ ಬಾಗಿಲು ಸಿಕ್ಕಿತಲ್ಲ, ಬಾಗಿಲು ಮುಖ್ಯವೋ ದಾರಿಯೋ ಎಂದು ಯಾವುದೋ ಧ್ವನಿ ಒಳಗೆ ಲಾಯರಿನಂತೆ ಕೇಳಿತು. ಮಕ್ಕಳು ನಾಲ್ಕು ದಿನ ಖುಷಿಯಾಗಿರುತ್ತಾರೆ. ಕಷ್ಟದ ಪ್ರಶ್ನೆಗೆ ಧಾರಾಳವಾಗಿ ಅಂಕ ಕೊಟ್ಟರೆಂದು ತಮ್ಮನ್ನೇ ಹೊಗಳಲೂಬಹುದು.

'ಒಬ್ಬ ಹುಡುಗಿ ಎದ್ದು ಕೇಳಿದ್ಲು' ಎಂದರು ಮೇಡಂ, ಲೋಟವನ್ನೇ ನೋಡುತ್ತ. 'ಕೂರಿಸಿಬಿಟ್ಟೆ.'

'ಕೂತ್ಲಲ್ಲ? ಅವಳಿಗೂ ಪೂರ್ತಿ ಅಂಕ ಬರುತ್ತೆ. ಮರೆತುಬಿಡಿ.'

'ಹೂಂ' ಎಂದರು ಮೇಡಂ. ತಾವು ಒಪ್ಪಿದ್ದು ತಮಗೇ ಕೇಳಿಸಿತು. ಹೊರಗೆ ಬಂದಾಗ ಎದೆ ಹಗುರಾಗಿತ್ತು. ಹಗುರಾದದ್ದಕ್ಕೆ ನಾಚಿಕೆಯಾಯಿತು, ಆ ನಾಚಿಕೆಯೂ ಒಂದು ಬಗೆಯ ಸಮಾಧಾನ ಕೊಟ್ಟಿತು, ನಾಚಿಕೆಪಡುವಷ್ಟು ಒಳ್ಳೆಯತನ ಇನ್ನೂ ಉಳಿದಿದೆಯಲ್ಲ ಎಂದು. ಹಾಗೇ ಮನೆಗೆ ಹೋಗಬಹುದಿತ್ತು. ಸುಮ್ಮನೆ ಒಮ್ಮೆ ನೋಡಿ ಬರೋಣವೆಂದು ಹಾಲಿಗೆ ಹೋದರು.

ಎಲ್ಲರೂ ಬಗ್ಗಿ ಬರೆಯುತ್ತಿದ್ದರು. ಬೆಂಚುಗಳ ನಡುವೆ ನಡೆಯುವಾಗ ಅವರಿಗೆ ಬೇಡವೆಂದರೂ ಕಾಣುತ್ತಿತ್ತು: ಎರಡು ಭಾಜಕಗಳು, ಎರಡು ಭಾಜಕಗಳು, ಒಬ್ಬ ಅಡಿಗೆರೆ ಹಾಕಿ, ಇನ್ನೊಬ್ಬಳು ಕೆಂಪು ಚೌಕದೊಳಗೆ. ತಮ್ಮ ಸುಳ್ಳನ್ನು ಇಷ್ಟು ಕೈಗಳು ಇಷ್ಟು ದುಂಡಗೆ ನಕಲು ಮಾಡುತ್ತಿರುವುದನ್ನು ನೋಡುವುದು ವಿಚಿತ್ರವಾಗಿತ್ತು. ಒಬ್ಬ ಹುಡುಗ ತಲೆಯೆತ್ತಿ, ಸುಲಭವಾಗಿದೆ ಮೇಡಂ ಎನ್ನುವಂತೆ ಮುಗುಳ್ನಕ್ಕ. ಮೂರನೆಯ ಸಾಲಿಗೆ ಬಂದಾಗ ಅವರ ಹೆಜ್ಜೆ ತಾನೇ ನಿಧಾನವಾಯಿತು. ಹುಡುಗಿ ಬರೆಯುತ್ತಿರಲಿಲ್ಲ. ಅವಳ ಮುಂದಿದ್ದ ಹಾಳೆಯ ಮೇಲಿನ ಅರ್ಧದಲ್ಲಿ ಸಣ್ಣ ಅಕ್ಷರದಲ್ಲಿ ಭಾಗಾಕಾರಗಳ ಸಾಲು; ಕೊನೆಗೆ 211 × 2,65,651 ಎಂದು ಬರೆದು, 'ಆದ್ದರಿಂದ ಇದು ಸಂಯುಕ್ತ ಸಂಖ್ಯೆ' ಎಂದು ಮುಗಿಸಿದ್ದಳು. ಅದರ ಮೇಲೆ ಮೂಲೆಯಿಂದ ಮೂಲೆಗೆ ಒಂದು ಗೀಟು. ಒಂದಲ್ಲ, ಅದೇ ಗೀಟಿನ ಮೇಲೆ ಮತ್ತೆ ಮತ್ತೆ ಪೆನ್ನು ಆಡಿಸಿದ್ದಳು, ಕಾಗದ ಒಂದೆಡೆ ಹರಿದಿತ್ತು. ಕೆಳಗೆ, ಬೇರೆಯವರದೆನ್ನುವಂಥ ಸೋತ ಅಕ್ಷರದಲ್ಲಿ: 'ಅವಿಭಾಜ್ಯವೆಂದು ಕೊಟ್ಟಿರುವುದರಿಂದ ಎರಡು ಭಾಜಕಗಳು.' ಹಿಂದೆ ಯಾರೋ ನಿಂತಿದ್ದಾರೆಂದು ತಿಳಿದು ಹುಡುಗಿ ಹಾಳೆಯ ಮೇಲೆ ಅಂಗೈ ಇಟ್ಟು ಮುಚ್ಚಿಕೊಂಡಳು. ಯಾರು ನಿಂತಿದ್ದಾರೆಂದು ನೋಡಲಿಲ್ಲ.

ಅವಳು ಮುಚ್ಚಿಕೊಂಡದ್ದು ಸರಿಯಾದದ್ದನ್ನೋ ತಪ್ಪಾದದ್ದನ್ನೋ ಎಂದು ಮೇಡಂಗೆ ತಿಳಿಯಲಿಲ್ಲ. ಆ ಅಂಗೈಯನ್ನು ನೋಡುತ್ತ ನಿಂತಿದ್ದಾಗ ಮಗಳು ನೆನಪಾದಳು, ಎಷ್ಟು ವರ್ಷದವಳಿದ್ದಾಗಲೋ, ಊಟದ ಮೇಜಿನ ಮೇಲೆ ಹೋಮ್‌ವರ್ಕನ್ನು ಹೀಗೇ ಎರಡೂ ಕೈಯಿಂದ ಮುಚ್ಚಿಕೊಳ್ಳುತ್ತಿದ್ದಳು, 'ನೋಡ್ಬೇಡ ಅಮ್ಮ, ಇನ್ನೂ ಮಾಡ್ತಿದ್ದೀನಿ' ಎನ್ನುತ್ತಿದ್ದಳು, ತಾವು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದರು. ಫ್ಯಾನು ತಿರುಗುತ್ತಿತ್ತು. ಹೊಸ ಮೇಷ್ಟ್ರು ಗಡಿಯಾರ ನೋಡಿಕೊಂಡ. ಮೇಡಂ ನಡೆದು ವೇದಿಕೆ ಹತ್ತಿದರು.

'ಎಲ್ಲರೂ ಪೆನ್ನು ಕೆಳಗಿಡಿ.'

ಪಿಸುಮಾತು ಎದ್ದಿತು.

'ಆರನೇ ಪ್ರಶ್ನೆಯಲ್ಲಿ ಕೊಟ್ಟಿರೋ ಸಂಖ್ಯೆ ಅವಿಭಾಜ್ಯ ಅಲ್ಲ. ಇನ್ನೂರ ಹನ್ನೊಂದರಿಂದ ಭಾಗ ಆಗುತ್ತೆ. ನಾನು ಸರಿಯಾಗಿ ನೋಡದೆ ಕೊಟ್ಟಿದ್ದೀನಿ. ತಪ್ಪು ನನ್ನದು.'

ಒಮ್ಮೆಗೇ ಎಲ್ಲ ಕಡೆಯಿಂದ ಕೂಗು ಎದ್ದಿತು. 'ಅರ್ಧ ಟೈಮು ಇದಕ್ಕೇ ಹೋಯ್ತು ಮೇಡಂ!' 'ಹಾಗಾದ್ರೆ ಇದಕ್ಕೆ ಅಂಕ ಇಲ್ವಾ?' ಯಾರೋ ಬೆಂಚು ಗುದ್ದಿದರು. ಹಿಂದಿನಿಂದ ಒಬ್ಬ, ಮುಖ ಕಾಣದವನು, ನಿಧಾನವಾಗಿ ಎರಡು ಸಲ ಚಪ್ಪಾಳೆ ತಟ್ಟಿದ. ಮೇಡಂ ಕಿವಿ ಬಿಸಿಯಾಯಿತು. ಹೊಸ ಮೇಷ್ಟ್ರು ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಇನ್ನೊಂದು ಮಾತು ಉಳಿದಿತ್ತು, ಅದನ್ನು ಹೇಳದಿದ್ದರೆ ಇದೆಲ್ಲ ಅರ್ಧವೇ ಎಂದು, 'ಇದನ್ನ ಆಗಲೇ ಎದ್ದು ನಿಂತು ಹೇಳಿದವಳು...' ಎಂದು ಶುರುಮಾಡಿದರು, ಅಲ್ಲಿಗೆ ನಿಂತುಹೋದರು. ಹುಡುಗಿಯ ಹೆಸರು ಬರಲಿಲ್ಲ. ಹಾಜರಿ ಕರೆಯುವಾಗ ದಿನವೂ ನಾಲಿಗೆಯ ಮೇಲೆ ಹಾದುಹೋಗುವ ಹೆಸರು. ಹುಡುಕಿದಷ್ಟೂ ನಾಲಿಗೆಗೆ ಬಂದದ್ದು 'ಆದ್ರೆ' ಒಂದೇ. 'ಇವಳು' ಎಂದು ಕೈ ತೋರಿಸಿದರು. ಎಲ್ಲರೂ ಹೊರಳಿ ನೋಡಿದರು. ಹುಡುಗಿ ತಲೆಯೆತ್ತಲಿಲ್ಲ, ಅವಳ ಕುತ್ತಿಗೆ ಕೆಂಪಾಗುತ್ತಿರುವುದು ವೇದಿಕೆಯಿಂದಲೇ ಕಾಣುತ್ತಿತ್ತು. ತಾವು ಅವಳನ್ನು ಎರಡನೆಯ ಸಲ ಎಲ್ಲರೆದುರು ನಿಲ್ಲಿಸಿದಂತಾಯಿತೆಂದು ಮೇಡಂಗೆ ಹೊಳೆದಾಗ ಕೈ ಇನ್ನೂ ಚಾಚಿಕೊಂಡೇ ಇತ್ತು.

ಪ್ರಿನ್ಸಿಪಾಲ್ ಗಲಾಟೆ ಕೇಳಿ ಬಂದ. ಮಕ್ಕಳಿಗೆ ಅರ್ಧ ಗಂಟೆ ಹೆಚ್ಚು ಕೊಡುತ್ತೇವೆ, ಆರನೆಯ ಪ್ರಶ್ನೆಯ ವಿಷಯ ಆಮೇಲೆ ತಿಳಿಸುತ್ತೇವೆ ಎಂದು ಹೇಳಿ ಅವರನ್ನು ಸುಮ್ಮನಾಗಿಸಿದ. ಕಾರಿಡಾರಿನಲ್ಲಿ ಮೇಡಂಗೆ ಹೆಚ್ಚೇನೂ ಹೇಳಲಿಲ್ಲ. 'ಹೂಂ ಅಂದಿದ್ರಲ್ಲ ಮೇಡಂ' ಎಂದ, ಅಷ್ಟೇ. ಸಿಟ್ಟಿಗಿಂತ ಬೇಸರವಿತ್ತು ಅವನ ದನಿಯಲ್ಲಿ. ಹೊರಡುವಾಗ, 'ಮುಂದಿನ ಸಲದಿಂದ ಪೇಪರ್ ಬೇರೆಯವರು ತೆಗೀಲಿ. ನೀವು ಅನ್ಯಥಾ ಭಾವಿಸ್ಬೇಡಿ' ಎಂದು ಸೇರಿಸಿದ. ಮೇಡಂ ತಲೆಯಾಡಿಸಿದರು. ಅನ್ಯಥಾ ಭಾವಿಸಲು ಅವರಲ್ಲಿ ಜಾಗವಿರಲಿಲ್ಲ.

ಕೊನೆಯ ಗಂಟೆ ಬಾರಿಸಿದ ಮೇಲೆ ಅವರು ಮೆಟ್ಟಿಲ ಬಳಿ ಕಾದು ನಿಂತರು. ಹುಡುಗ ಹುಡುಗಿಯರು ಗುಂಪು ಗುಂಪಾಗಿ ಇಳಿದುಹೋದರು. ಕೆಲವರು ಅವರನ್ನು ನೋಡಿ ಮಾತು ನಿಲ್ಲಿಸಿದರು, ದಾಟಿದ ಮೇಲೆ ಜೋರಾಗಿ ನಕ್ಕರು. ಅವಳು ಎಲ್ಲರಿಗಿಂತ ಕೊನೆಗೆ ಬಂದಳು, ಒಬ್ಬಳೇ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅಂಚು ಸವೆದ ಕ್ಯಾಲ್ಕ್ಯುಲೇಟರ್. ಮೇಡಂ ಅಡ್ಡ ನಿಲ್ಲಲಿಲ್ಲ, ಪಕ್ಕಕ್ಕೆ ಸರಿದು ನಿಂತರು.

'ನಿನಗೆ ಹಾಗೆ ಅನ್ನಬಾರದಿತ್ತು. ಹೇಳೋದನ್ನ ಪೂರ್ತಿ ಕೇಳಿಸ್ಕೋಬೇಕಿತ್ತು.'

'ಪರವಾಗಿಲ್ಲ ಮೇಡಂ.'

'ಪರವಾಗಿದೆ. ಸಿಟ್ಟಿದ್ರೆ ಬೈ.'

ಹುಡುಗಿ ಮೊದಲ ಸಲ ಅವರ ಮುಖ ನೋಡಿದಳು. ಅತ್ತ ಗುರುತು ಇರಲಿಲ್ಲ. ಅದಕ್ಕಿಂತ ಒಣಗಿದ ಏನೋ ಇತ್ತು. 'ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಹೋದ ಮೇಲೆ ನಾನು ಮತ್ತೆ ಭಾಗಿಸಿ ನೋಡಿದೆ ಮೇಡಂ. ಮೂರು ಸಲ. ಸರಿಯಾಗೇ ಹೋಗ್ತಿತ್ತು. ನನ್ನ ಕಣ್ಣೆದುರಿಗೇ ಇತ್ತು. ಆದ್ರೂ ಹೊಡೆದುಹಾಕಿದೆ. ಯಾಕೆ ಹೊಡೆದುಹಾಕಿದೆ ಅಂತ ಯೋಚನೆ ಮಾಡ್ತಾ ಕೂತುಬಿಟ್ಟೆ, ಉಳಿದಿದ್ದನ್ನ ಬರೆಯೋಕೆ ಆಗ್ಲಿಲ್ಲ. ಹೆಚ್ಚು ಟೈಮ್ ಕೊಟ್ಟಾಗ್ಲೂ ಆಗ್ಲಿಲ್ಲ.'

ಹುಡುಗಿ ಎರಡು ಮೆಟ್ಟಿಲಿಳಿದವಳು ನಿಂತಳು, ತಿರುಗದೆ, ತನಗೇ ಹೇಳಿಕೊಂಡಂತೆ ಕೇಳಿದಳು:

'ಆ ಎರಡು ಲಕ್ಷದ ಅರವತ್ತೈದು ಸಾವಿರದ್ದು, ಅದು ಅಷ್ಟಕ್ಕೇ ನಿಲ್ಲುತ್ತಾ, ಇನ್ನೂ ಒಡೆಯುತ್ತಾ? ನಾನು ಅಲ್ಲಿಗೇ ಬಿಟ್ಟಿದ್ದೆ.'

ಉತ್ತರ ಮೇಡಂ ನಾಲಿಗೆಯ ತುದಿಯಲ್ಲಿತ್ತು. ಇಡೀ ಜೀವಮಾನ ಉತ್ತರಗಳು ಅಲ್ಲೇ ಇದ್ದವು, ಯಾರಾದರೂ ಕೇಳುವ ಮೊದಲೇ ಜಾರಿ ಬೀಳುತ್ತಿದ್ದವು. ಅವರು ಕೈಕಂಬಿಯನ್ನು ಹಿಡಿದುಕೊಂಡರು. 'ನನಗೆ ಗೊತ್ತು' ಎಂದರು. 'ಹೇಳ್ಲಾ?'

ಹುಡುಗಿ ಕ್ಯಾಲ್ಕ್ಯುಲೇಟರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು.

'ಹೇಳ್ಬೇಡಿ' ಎಂದಳು.

ಮತ್ತೆ ಮೆಟ್ಟಿಲಿಳಿಯತೊಡಗಿದಳು. ತಿರುವಿನಲ್ಲಿ ಅವಳ ನಡಿಗೆ ನಿಧಾನವಾಯಿತು, ತಲೆ ಬಗ್ಗಿತು, ಹೆಬ್ಬೆರಳು ಗುಂಡಿಗಳ ಮೇಲೆ ಓಡಾಡುತ್ತಿತ್ತು. ಮೇಡಂ ತುಟಿ ಬಿಗಿಹಿಡಿದು, ಕಂಬಿ ಬಿಡದೆ, ಮೇಲೆಯೇ ನಿಂತಿದ್ದರು.